ಲಿಂಗಸುಗೂರಿನ ವಿದ್ಯಾರ್ಥಿಯೂ ಭೌತಶಾಸ್ತ್ರವೂ

ಲಿಂಗಸುಗೂರಿನ ವಿದ್ಯಾರ್ಥಿಗೆ ಭೌತಶಾಸ್ತ್ರವು ಪರದೇಶದ ವಸ್ತುವಲ್ಲ. ಅವನ ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಅದಿರನ್ನು ಪಾತಾಳದಿಂದ ಎತ್ತುವ ಯಂತ್ರಗಳೂ, ಗಣಿಯ ನೀರನ್ನು ಹೊರಚೆಲ್ಲುವ ಪಂಪುಗಳೂ ಈ ಶಾಸ್ತ್ರದ ನಿಯಮಗಳಿಗೆ ಅಧೀನವಾಗಿಯೇ ನಡೆಯುತ್ತಿವೆ. ಆದರೂ ಪ್ರೌಢಶಾಲೆಯವರೆಗೆ ಕನ್ನಡದಲ್ಲಿ ಕಲಿತವನು ಬಿ.ಎಸ್ಸಿ. ತರಗತಿಯನ್ನು ಹೊಕ್ಕೊಡನೆ, ಒತ್ತಡ, ವೇಗೋತ್ಕರ್ಷ, ವಕ್ರೀಭವನಗಳೆಂದು ತಾನು ಅರಿತಿದ್ದುದೆಲ್ಲವೂ ಇಂಗ್ಲಿಷಿನ ಮುಸುಕನ್ನು ಧರಿಸಿ ಅಪರಿಚಿತವಾಗುತ್ತದೆ. ಬುದ್ಧಿಯ ಕೊರತೆಯಿಂದಲ್ಲ, ಭಾಷೆಯ ತೊಡಕಿನಿಂದ ಅವನು ಹಿಂದುಳಿಯುತ್ತಾನೆ. ವಿವರಿಸಬಲ್ಲವನು ಬಾಯಿಪಾಠಕ್ಕೆ ಇಳಿಯುತ್ತಾನೆ.

ಈ ಸೀಮೆಗೆ ಇಂಥ ಕಷ್ಟವು ಹೊಸತಲ್ಲ. ರಾಯಚೂರು ಜಿಲ್ಲೆಯು 1948ರವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವಿಜ್ಞಾನವನ್ನೂ ಉರ್ದುವಿನಲ್ಲಿ ಬೋಧಿಸಿತು. ಕನ್ನಡ ಬಾಲಕನಿಗೆ ಅದೂ ಮನೆಮಾತಲ್ಲ. ಆದರೆ ಅಲ್ಲಿಂದ ನಾವು ಕಲಿಯತಕ್ಕುದೊಂದುಂಟು: ಬೋಧನೆಗೆ ಮುಂಚೆಯೇ, 1917ರಲ್ಲಿ, ಭಾಷಾಂತರ ಶಾಖೆಯೊಂದನ್ನು ತೆರೆದು ಪಠ್ಯಗ್ರಂಥಗಳ ಕಾರ್ಯವನ್ನು ಆರಂಭಿಸಲಾಯಿತು. ಗ್ರಂಥಗಳಿದ್ದರೆ ದೇಶಭಾಷೆಯು ಪದವಿಯ ಭಾರವನ್ನು ಹೊರಬಲ್ಲದು.

ಕನ್ನಡಕ್ಕೆ ಆ ಶಕ್ತಿಯಿಲ್ಲವೇ? ಬೆಂಗಳೂರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ ಈ ಸಂದೇಹಕ್ಕೆ ಉತ್ತರವಿತ್ತರು.

ಇಂಗ್ಲಿಷನ್ನು ತೊರೆಯಬೇಕೆಂದು ನಾವು ಹೇಳುವುದಿಲ್ಲ. ಜಗತ್ತಿನ ಸಂಶೋಧನೆಗಳನ್ನು ತಿಳಿಯಲು ಅದು ಬೇಕು. ತಿಳಿದುದು ಮನದಟ್ಟಾಗಲು ಕನ್ನಡವೂ ಬೇಕು. ಪ್ರತಿಯೊಂದು ಪ್ರಯೋಗಶಾಲೆಯಲ್ಲಿಯೂ ಇಂಗ್ಲಿಷ್ ಪಠ್ಯದ ಪಕ್ಕದಲ್ಲಿ ಸಮರ್ಥವಾದ ಕನ್ನಡ ಪಠ್ಯವೊಂದನ್ನಿರಿಸುವುದು ವಿದ್ಯಾಧಿಕಾರಿಗಳ ಆದ್ಯ ಕರ್ತವ್ಯ. ನೆಲದಾಳದ ಚಿನ್ನವನ್ನು ಮೇಲೆತ್ತಬಲ್ಲ ನಾಡಿಗೆ ತನ್ನ ಮಕ್ಕಳ ಬುದ್ಧಿಯನ್ನು ಮೇಲೆತ್ತುವುದು ಅಸಾಧ್ಯವೇ?