ಗೋಗಿಯ ಯುರೇನಿಯಂ: ಅಳತೆ, ಅಂಜಿಕೆ ಮತ್ತು ಕನ್ನಡ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯನ್ನು ಮಧ್ಯಕಾಲೀನ ಇತಿಹಾಸದ ಅಭ್ಯಾಸಿಗಳು ಚಂದಾ ಹುಸೇನಿಯವರ ದರ್ಗಾದಿಂದಲೂ ಆದಿಲಶಾಹಿಯ ಮೊದಲ ಅರಸರ ಗೋರಿಗಳಿಂದಲೂ ಬಲ್ಲರು. ಅಲ್ಲಿಯ ಸುಣ್ಣಕಲ್ಲಿನಲ್ಲಿಯೂ ಅದರ ತಳದ ಗ್ರಾನೈಟಿನಲ್ಲಿಯೂ ಯುರೇನಿಯಂ ಪತ್ತೆಯಾದ ಮೇಲೆ ಊರಿನ ಹೆಸರಿಗೆ ಇನ್ನೊಂದು ಅರ್ಥ ಕೂಡಿಕೊಂಡಿತು. ಭಾರತೀಯ ಯುರೇನಿಯಂ ನಿಗಮದ ಗಣಿ ಯೋಜನೆಯನ್ನು ಸ್ಥಳೀಯರು ವಿರೋಧಿಸಿದರು. ಆ ವಿರೋಧವನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಉಚಿತವೆನಿಸದು.

ಇಲ್ಲಿ ಎರಡು ಅಪಾಯಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ. ಮೊದಲನೆಯದು ಕುಡಿಯುವ ನೀರಿನದು. ನೀರಿನಲ್ಲಿ ಕರಗಿದ ಯುರೇನಿಯಂ ವಿಕಿರಣಕ್ಕಿಂತ ಮೊದಲು ರಾಸಾಯನಿಕ ವಿಷವಾಗಿ ಮೂತ್ರಪಿಂಡವನ್ನು ಬಾಧಿಸುತ್ತದೆ. ಈ ದೃಷ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಮಿತಿಯನ್ನು ಸೂಚಿಸಿತು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯು ವಿಕಿರಣವನ್ನು ಲೆಕ್ಕಕ್ಕೆ ಹಿಡಿದು ಗೊತ್ತುಮಾಡಿದ ಮಿತಿ 60. ಕಾರಣವನ್ನು ತಿಳಿಸದೆ ಎರಡು ಅಂಕಿಗಳನ್ನು ಮುಂದಿಟ್ಟರೆ ಜನರು ಎರಡನ್ನೂ ನಂಬಲಾರರು.

ಎರಡನೆಯದು ಗಣಿತ್ಯಾಜ್ಯದ್ದು. ಅದಿರಿನಿಂದ ಯುರೇನಿಯಂ ತೆಗೆದ ಮೇಲೂ ಮೂಲ ವಿಕಿರಣಶೀಲತೆಯ ಸುಮಾರು 85 ಪಾಲು, ನೂರಕ್ಕೆ, ಕೆಸರಿನಲ್ಲಿಯೇ ಉಳಿಯುತ್ತದೆ. ಅದರಲ್ಲಿರುವ ರೇಡಿಯಂ ಅರ್ಧಕ್ಕಿಳಿಯಲು 1600 ವರ್ಷಗಳು ಬೇಕು. ಆದುದರಿಂದ ಕೆಸರು ತುಂಬಿದ ಕೊಳದ ಕಾವಲು ಗಣಿಯ ಆಯುಷ್ಯದೊಂದಿಗೆ ಮುಗಿಯುವಂಥದಲ್ಲ.

ಇದರ ಜೊತೆಗೆ ಮತ್ತೊಂದು ಸಂಗತಿಯೂ ಗಮನಾರ್ಹ. ಯುರೇನಿಯಂ ಇರುವ ಬಂಡೆಗಳ ನಡುವಿನ ಬಾವಿಗಳಲ್ಲಿ ಗಣಿ ತೋಡುವ ಮೊದಲೇ ಆ ಧಾತು ಕರಗಿರಬಹುದು. ಪ್ರತಿಯೊಂದು ಬಾವಿಯ ಪೂರ್ವಸ್ಥಿತಿಯನ್ನು ದಾಖಲಿಸದಿದ್ದರೆ, ಮುಂದೆ ದೋಷವು ನಿಸರ್ಗದ್ದೋ ಗಣಿಯದ್ದೋ ಎಂಬುದನ್ನು ನಿಗಮವಾಗಲಿ ರೈತನಾಗಲಿ ಸಿದ್ಧಪಡಿಸುವಂತಿಲ್ಲ.

2006ರ ಪರಿಸರ ಪರಿಣಾಮ ಅಧಿಸೂಚನೆಯು ಸಾರ್ವಜನಿಕ ಅಹವಾಲು ಸಭೆಯನ್ನೂ ವರದಿಯ ಸಾರಾಂಶವು ಸ್ಥಳೀಯ ಭಾಷೆಯಲ್ಲಿರುವುದನ್ನೂ ವಿಧಿಸಿತ್ತು. ಆದರೆ ಬಾವಿಬಾವಿಯ ಅಂಕಿಗಳು ಇರುವುದು ಸಾರಾಂಶದಲ್ಲಲ್ಲ, ಪೂರ್ಣ ವರದಿಯಲ್ಲಿ. 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯವು ಅಣುಖನಿಜಗಳ ಗಣಿಗಾರಿಕೆಗೆ ಸಾರ್ವಜನಿಕ ಸಮಾಲೋಚನೆಯಿಂದಲೇ ವಿನಾಯಿತಿ ನೀಡಿತು. ಜನರು ಪ್ರಶ್ನೆ ಕೇಳಿ ಉತ್ತರ ಪಡೆಯಬಹುದಾಗಿದ್ದ ವಿಧ್ಯುಕ್ತ ವೇದಿಕೆ ಹೀಗೆ ಇಲ್ಲವಾಗಿದೆ.

ಅಂಜಿಕೆಯನ್ನು ಕಳೆಯುವುದು ಆಶ್ವಾಸನೆಯಿಂದ ಸಾಧ್ಯವಿಲ್ಲ. ಪರೀಕ್ಷಿಸಬಹುದಾದ ಅಳತೆಯಿಂದ ಮಾತ್ರ ಸಾಧ್ಯ. ಬಾವಿಯ ಗುರುತು, ಪರೀಕ್ಷೆಯ ದಿನಾಂಕ, ದೊರೆತ ಪ್ರಮಾಣ, ಮಿತಿ ಮತ್ತು ಅದರ ಕಾರಣ, ಇಷ್ಟನ್ನು ತಿಳಿಗನ್ನಡದಲ್ಲಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸುವುದು ಕಷ್ಟದ ಕೆಲಸವಲ್ಲ. ಪರಿಭಾಷೆಯನ್ನು ರೂಪಿಸುವ ನಮ್ಮಂಥ ಪೀಠಗಳು ಈ ಹೊಣೆಯಲ್ಲಿ ಪಾಲುಗೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.