ಉಕ್ಕಿಗೆ ಹಾಕಿದ ಮಿತಿ

ಸೂಳಗಿರಿಯ ಹೆದ್ದಾರಿಯಲ್ಲಿ ಹೊಸೂರಿನ ಕಾರ್ಖಾನೆಗಳತ್ತ ಹೋಗುವ ಲಾರಿಗಳಲ್ಲಿ ಉಕ್ಕಿನ ಸುರುಳಿಗಳನ್ನು ಕಂಡಾಗ, ಇದಕ್ಕೂ ಲೆಕ್ಕದ ಪಡಿ ಹಾಕಿದ್ದ ದೇಶವೊಂದು ನೆನಪಾಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಸೋತ ಜರ್ಮನಿ ವರ್ಷಕ್ಕೆ ಎಷ್ಟು ಉಕ್ಕು ತಯಾರಿಸಬಹುದೆಂದು ಗೆದ್ದ ನಾಲ್ಕು ರಾಷ್ಟ್ರಗಳ ಸೇನಾಡಳಿತವೇ ಬರೆದಿಟ್ಟಿತ್ತು.

ಯುದ್ಧಕ್ಕೆ ಮುಂಚೆ ಅಲ್ಲಿ ಉತ್ಪಾದನೆ ವರ್ಷಕ್ಕೆ 2 ಕೋಟಿ ಟನ್ ದಾಟುತ್ತಿತ್ತು. ಮತ್ತೆ ಫಿರಂಗಿ ಎರಕ ಹೊಯ್ಯಬಾರದು ಎಂಬುದು ಗೆದ್ದವರ ಆತಂಕ. ಬ್ರಿಟನ್ ಹೆಚ್ಚು ಕೇಳಿತು, ಸೋವಿಯತ್ ಒಕ್ಕೂಟ ಕಡಿಮೆ ಸಾಕೆಂದಿತು. ಎಳೆದಾಡಿ 1946ರ ಮಾರ್ಚ್‌ನಲ್ಲಿ 58 ಲಕ್ಷ ಟನ್ನಿಗೆ ಒಪ್ಪಿದರು. ಮಿಕ್ಕ ಸ್ಥಾವರಗಳನ್ನು ಬಿಚ್ಚಿ ಯುದ್ಧ ಪರಿಹಾರವಾಗಿ ಸಾಗಿಸಬೇಕು. ಎಸೆನ್ನಿನಲ್ಲಿದ್ದ ಕ್ರುಪ್ ಕಂಪನಿಯ ಬೋರ್ಬೆಕ್ ಸ್ಥಾವರ ಹಾಗೆಯೇ ಸೋವಿಯತ್ ನಾಡಿಗೆ ಹೋಯಿತು.

ಆದರೆ ಆ ವರ್ಷ, ಗೆದ್ದವರು ಹಂಚಿಕೊಂಡು ಆಳುತ್ತಿದ್ದ ನಾಡಿನ ಪಶ್ಚಿಮ ವಲಯಗಳಲ್ಲಿ ತಯಾರಾದದ್ದು ಸುಮಾರು 25 ಲಕ್ಷ ಟನ್. ಮರುವರ್ಷ 30 ಲಕ್ಷ. ಮಿತಿಯ ಅರ್ಧದಷ್ಟೇ! ಕುಲುಮೆಗೆ ಕಲ್ಲಿದ್ದಲು ಬೇಕು, ಕಲ್ಲಿದ್ದಲು ಅಗೆಯುವವನಿಗೆ ಅನ್ನ ಬೇಕು. ಬ್ರಿಟಿಷ್ ವಲಯದಲ್ಲಿ 1946ರ ವಸಂತದಲ್ಲಿ ಸಾಮಾನ್ಯ ಜನರ ದಿನದ ಪಡಿತರ ಸುಮಾರು 1,000 ಕ್ಯಾಲರಿಗೆ ಇಳಿದಿತ್ತು. ಗಣಿಯವರಿಗೆ ಹೆಚ್ಚು ಕೊಟ್ಟರೂ ಅವರು ಅದನ್ನು ಮನೆಮಂದಿಯೊಂದಿಗೆ ಹಂಚಿಕೊಂಡೇ ತಿನ್ನಬೇಕಿತ್ತು. ತೆಗೆದ ಕಲ್ಲಿದ್ದಲಿನಲ್ಲೂ ಒಂದು ಪಾಲು ರಫ್ತಾಗುತ್ತಿತ್ತು. ಸೇತುವೆಗಳು ಮುರಿದಿದ್ದವು, ಮುಂದಿನ ಚಳಿಗಾಲದಲ್ಲಿ ಕಾಲುವೆಗಳೂ ಹೆಪ್ಪುಗಟ್ಟಿದವು. ಉತ್ಪಾದನೆಯನ್ನು ನಿಜವಾಗಿ ತಡೆದವುಗಳಲ್ಲಿ ಹಸಿವೂ ಒಂದು. ಅದನ್ನು ನೀಗಿಸದೆ ಟನ್ನುಗಳ ಬಗ್ಗೆ ವಾದಿಸಿದ್ದು ನನಗೆ ಕ್ರೂರವಾಗಿಯೇ ಕಾಣುತ್ತದೆ.

1947ರ ಆಗಸ್ಟ್‌ನಲ್ಲಿ ಅಮೆರಿಕ, ಬ್ರಿಟನ್ ತಮ್ಮೆರಡು ವಲಯಗಳಿಗೇ ಮಿತಿಯನ್ನು 1.07 ಕೋಟಿ ಟನ್ನಿಗೆ ಏರಿಸಿದವು. ಹಾಗೆಂದು ಕುಲುಮೆಗಳು ತಕ್ಷಣ ಚುರುಕಾಗಲಿಲ್ಲ. 1948ರ ಜೂನ್‌ನಲ್ಲಿ ಹೊಸ ಕರೆನ್ಸಿ ಬಂದು ಅಂಗಡಿಗಳಲ್ಲಿ ಸರಕು ಕಾಣಿಸಿತು; ದುಡಿದ ಕೂಲಿಗೆ ಬೆಲೆ ಬಂತು. ಆ ವರ್ಷ ಸುಮಾರು 55 ಲಕ್ಷ, 1949ರಲ್ಲಿ 91 ಲಕ್ಷ ಟನ್. ಕಾರ್ಖಾನೆ ಬಿಚ್ಚುವುದರ ವಿರುದ್ಧ ಕಾರ್ಮಿಕರು ಪ್ರತಿಭಟಿಸುತ್ತಿದ್ದರು. ಗೆದ್ದ ಪಶ್ಚಿಮ ರಾಷ್ಟ್ರಗಳೊಂದಿಗೆ 1949ರ ನವೆಂಬರ್‌ನಲ್ಲಿ ಆದ ಪೀಟರ್ಸ್‌ಬರ್ಗ್ ಒಪ್ಪಂದ ಹಂಬೋರ್ನ್‌ನ ಥೀಸನ್ ಸ್ಥಾವರವನ್ನು ಉಳಿಸಿತು, ಮಿತಿ 1.11 ಕೋಟಿ ಎಂದಿತು. ಮರುವರ್ಷ ಕೊರಿಯಾ ಯುದ್ಧದ ಬೇಡಿಕೆಯೂ ಸೇರಿ ಉತ್ಪಾದನೆ 1.21 ಕೋಟಿ ಮುಟ್ಟಿತು. ಅಂಕೆ ದಾಟಿದ್ದಕ್ಕೆ ಕುಲುಮೆ ಆರಿಸುವ ಮನಸ್ಸು ಆಗ ಗೆದ್ದವರಿಗೂ ಇರಲಿಲ್ಲ.

ಈ ಕಥೆಯ ಎಳೆ ನಮ್ಮ ದೇಶಕ್ಕೂ ಚಾಚಿತು. 1953ರಲ್ಲಿ ಭಾರತ ಸರ್ಕಾರ ಒಡಿಶಾದ ರೂರ್ಕೆಲಾದಲ್ಲಿ ಉಕ್ಕಿನ ಕಾರ್ಖಾನೆ ಕಟ್ಟಲು ಅದೇ ಕ್ರುಪ್ ಮತ್ತು ಜರ್ಮನಿಯ ಇನ್ನೊಂದು ಕಂಪನಿ ಡೆಮಾಗ್‌ನೊಂದಿಗೆ ಒಪ್ಪಂದ ಮಾಡಿಕೊಂಡಿತು. 1959ರ ಫೆಬ್ರುವರಿಯಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಅಲ್ಲಿನ ಮೊದಲ ಊದುಕುಲುಮೆಯನ್ನು ಉದ್ಘಾಟಿಸಿದರು.