ನಕ್ಷತ್ರ ಆಮೆಯ ಮರಿ ಮತ್ತು ಮಳೆಗಾಲದ ನೆಲ

ತುಂಗಭದ್ರೆಯ ಎಡದಂಡೆ ಕಾಲುವೆ ಹರಿದುಬಂದ ಮೇಲೆ ಸಿಂಧನೂರು ಸೀಮೆಯ ಎರೆಹೊಲಗಳಲ್ಲಿ ಬಹುಭಾಗ ಭತ್ತದ ಗದ್ದೆಗಳಾಗಿ ಮಾರ್ಪಟ್ಟಿರುವುದರಿಂದ, ಜವಳಗೇರಾದಂತಹ ಊರಿನಲ್ಲಿ ಆಮೆಯೆಂದೊಡನೆ ನೀರು ನೆನಪಿಗೆ ಬರುವುದು ಸಹಜವೇ ಆಗಿದೆ. ಆದರೆ ಈಜಲರಿಯದ, ಕುರುಚಲು ಗಿಡಗಳ ಒಣಭೂಮಿಯಲ್ಲಿಯೇ ಹುಟ್ಟಿ ಅಲ್ಲಿಯೇ ಮುದಿಯಾಗುವ ಆಮೆಯೂ ಒಂದುಂಟು. ಅದು ನಕ್ಷತ್ರ ಆಮೆ. ಗುಜರಾತ, ರಾಜಸ್ಥಾನಗಳ ಶುಷ್ಕ ಪ್ರದೇಶ, ಆಂಧ್ರ ಹಾಗೂ ತಮಿಳುನಾಡುಗಳ ಬಯಲು, ಕರ್ನಾಟಕದ ಪೂರ್ವದ ಅಂಚು, ಶ್ರೀಲಂಕೆಯ ಒಣನಾಡು ಇವು ಅದರ ನೆಲೆಗಳು.

ಬೇಸಗೆಯಲ್ಲಿ ಪೊದೆಗಳ ನೆರಳಿನಲ್ಲಿ ಜಡವಾಗಿ ಬಿದ್ದಿರುವ ಈ ಪ್ರಾಣಿ ಮಳೆ ಬಿದ್ದೊಡನೆ ಚುರುಕಾಗುತ್ತದೆ. ಹೆಣ್ಣು ಗಟ್ಟಿನೆಲವನ್ನು ತನ್ನ ಮೂತ್ರದಿಂದಲೇ ನೆನೆಸಿ, ಹಿಂಗಾಲುಗಳಿಂದ ಹೂಜಿಯಾಕಾರದ ಗುಳಿಯನ್ನು ತೋಡಿ, ಕೆಲವೇ ಮೊಟ್ಟೆಗಳನ್ನಿಟ್ಟು, ಮಣ್ಣು ಮುಚ್ಚಿ ಹೊರಟುಹೋದರೆ ಮತ್ತೆ ಅತ್ತ ಸುಳಿಯುವುದಿಲ್ಲ. ಆ ಬಳಿಕ ತಾಯಿಯ ಕಾರ್ಯವೆಲ್ಲವೂ ನೆಲದ್ದೇ. ಮರಿ ಗಂಡಾಗಬೇಕೋ ಹೆಣ್ಣಾಗಬೇಕೋ ಎಂಬುದನ್ನು ಸಹ ಆ ಮಣ್ಣಿನ ಶಾಖವೇ ನಿರ್ಧರಿಸುತ್ತದೆ. ಮೂತಿಯ ತುದಿಯಲ್ಲಿರುವ ಪುಟ್ಟ ಮುಳ್ಳಿನಿಂದ ಮೊಟ್ಟೆಯನ್ನೊಡೆದು ಬರುವ ಮರಿಯ ಉದ್ದ ನಾಲ್ಕು ಸೆಂಟಿಮೀಟರಿನ ಆಸುಪಾಸು. ಅದರ ಬೆನ್ನನ್ನು ಸಮೀಪದಿಂದ ನೋಡಿದರೆ ಪ್ರತಿಯೊಂದು ಹುರುಪೆಯೂ ನುಣುಪಾಗಿರದೆ ಕಣಕಣವಾಗಿರುವುದೂ, ಹಳದಿಯ ಮೇಲೆ ಕಪ್ಪು ಕಲೆಗಳಷ್ಟೇ ಇದ್ದು ನಕ್ಷತ್ರದ ರೇಖೆಗಳು ಇನ್ನೂ ಮೂಡದಿರುವುದೂ ಕಾಣುತ್ತದೆ. ಬೆಳೆದಂತೆಲ್ಲ ಹುರುಪೆಯ ಸುತ್ತ ಹೊಸ ಅಂಚುಗಳು ಕೂಡುತ್ತವೆ, ಅವುಗಳೊಡನೆ ರೇಖೆಗಳೂ ಕವಲೊಡೆಯುತ್ತವೆ.

ಈ ರೇಖೆಗಳ ಸೊಬಗೇ ಅದಕ್ಕೆ ಮುಳುವಾಗಿದೆ. ದೇಶವಿದೇಶಗಳಿಗೆ ಇದನ್ನು ಕದ್ದು ಸಾಗಿಸುವುದು ಮಿತಿಮೀರಿದ್ದರಿಂದ 2019ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೂ, ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 2022ರ ತಿದ್ದುಪಡಿಯಿಂದ ಮೊದಲನೆಯ ಅನುಸೂಚಿಗೂ ಇದು ಸೇರಿತು. ಆದಕಾರಣ ಇದರ ಮರಿಯನ್ನು ಪೆಟ್ಟಿಗೆಯಲ್ಲಿಟ್ಟು ಸಾಕುವುದು ಗೃಹಸ್ಥರ ಹವ್ಯಾಸವಲ್ಲ. ಅದು ಕಳ್ಳಸಾಗಣೆಗಾರರಿಂದ ಬಿಡಿಸಿಕೊಂಡ ಮರಿಗಳನ್ನು ಬನ್ನೇರುಘಟ್ಟದಂತಹ ರಕ್ಷಣಾಕೇಂದ್ರಗಳಲ್ಲಿ ಸಲಹುವವರ ವಿದ್ಯೆ. ಮಳೆಗಾಲದ ನೆಲವು ತಾನಾಗಿ ನೀಡುವುದನ್ನು ನಾಲ್ಕು ಗೋಡೆಗಳ ನಡುವೆ ಒಂದೊಂದಾಗಿ ಒದಗಿಸಿಕೊಡುವುದೇ ಆ ವಿದ್ಯೆಯ ಸಾರ.

ಮೊದಲನೆಯದು ಶಾಖ. ಆಮೆಯ ದೇಹ ತನ್ನ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದಾದ್ದರಿಂದ, ತೊಟ್ಟಿಯ ಒಂದು ತುದಿಯಲ್ಲಿ ದೀಪದ ಕೆಳಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರುವಂತೆಯೂ ಇನ್ನೊಂದು ತುದಿ ತಂಪಾಗಿರುವಂತೆಯೂ ಏರ್ಪಡಿಸಿದರೆ, ಬಿಸಿಲಿಗೂ ನೆರಳಿಗೂ ಓಡಾಡುವ ಸ್ವಾತಂತ್ರ್ಯ ಮರಿಗೆ ಲಭಿಸುತ್ತದೆ. ಎರಡನೆಯದು ಬೆಳಕು. ಸೂರ್ಯನ ನೇರಳಾತೀತ ಕಿರಣಗಳು ಚರ್ಮಕ್ಕೆ ತಾಗಿದಾಗಲೇ ಡಿ ಜೀವಸತ್ವ ಉತ್ಪನ್ನವಾಗಿ, ಅದರ ನೆರವಿನಿಂದ ಆಹಾರದ ಕ್ಯಾಲ್ಸಿಯಂ ಎಲುಬಿಗೆ ಸೇರುತ್ತದೆ. ಆಮೆಯ ಚಿಪ್ಪು ಬೆನ್ನೆಲುಬು, ಪಕ್ಕೆಲುಬುಗಳು ಕೂಡಿ ಆದದ್ದೇ ಆದ್ದರಿಂದ ಈ ಕಿರಣಗಳಿಲ್ಲದ ಮರಿಯ ಚಿಪ್ಪು ಮೆತ್ತಗಾಗಿ ವಿಕಾರಗೊಳ್ಳುತ್ತದೆ. ಕಿಟಕಿಯ ಗಾಜು ಈ ಉಪಯುಕ್ತ ಕಿರಣಗಳನ್ನು ತಡೆಯುತ್ತದೆ. ಆದುದರಿಂದ ಗಾಜಿನೊಳಗಿಂದ ಬಿದ್ದ ಬಿಸಿಲು ಎಷ್ಟೇ ಉಜ್ವಲವಾಗಿದ್ದರೂ ಮರಿಯ ಪಾಲಿಗೆ ಬರಿಯ ಬೆಳಕು. ಹೊರಗಿನ ನೇರ ಬಿಸಿಲಿನ ಎಡೆ ಅಥವಾ ಇದಕ್ಕೆಂದೇ ಮಾಡಿದ ದೀಪ ಅನಿವಾರ್ಯ.

ಮೂರನೆಯದಾದ ತೇವವೇ ಬಹುಕಾಲ ಅಲಕ್ಷ್ಯಕ್ಕೆ ಒಳಗಾದದ್ದು. ಒಣನಾಡಿನ ಪ್ರಾಣಿಗೆ ಒಣಪೆಟ್ಟಿಗೆಯೇ ಹಿತವೆಂದು ಬಗೆದವರು, ಅದರ ಮರಿ ಹುಟ್ಟುವುದೂ ಬೆಳೆಯುವುದೂ ಹಸಿಮಣ್ಣು, ತರಗೆಲೆ, ಹುಲ್ಲುಬುಡಗಳ ಸಂದಿಯಲ್ಲೆಂಬುದನ್ನು ಮರೆತರು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆಫ್ರಿಕದ ನೆಲದ ಆಮೆಯ ಮರಿಗಳನ್ನು ಬೇರೆಬೇರೆ ತೇವಮಾನಗಳಲ್ಲಿ ಬೆಳೆಸಿ ನೋಡಲಾಗಿ, ಹುರುಪೆಗಳು ಗೋಪುರದಂತೆ ಉಬ್ಬೇಳುವ ವಿಕಾರಕ್ಕೆ ಆಹಾರದ ಪ್ರೋಟೀನಿಗಿಂತ ಗಾಳಿಯ ಶುಷ್ಕತೆಯೇ ಹೆಚ್ಚು ಕಾರಣವೆಂದು ಕಂಡುಬಂದಿತು. ನಕ್ಷತ್ರ ಆಮೆಯ ಹುರುಪೆಗಳು ಸ್ವಭಾವತಃ ತುಸು ಉಬ್ಬಿರುವುವಾದರೂ ಈ ವಿಕಾರ ಬೇರೆಯೇ. ಆದರೆ ತೇವದೊಡನೆ ಚಳಿ ಕೂಡಬಾರದು: ಆಮೆಗೆ ನಮ್ಮಂತೆ ಎದೆ-ಹೊಟ್ಟೆಗಳ ನಡುವೆ ವಪೆಯೆಂಬ ಸ್ನಾಯುಪರದೆ ಇಲ್ಲದ ಕಾರಣ ಶ್ವಾಸಕೋಶದ ಕಫವನ್ನು ಕೆಮ್ಮಿ ಹೊರಹಾಕುವುದು ಅದಕ್ಕೆ ದುಸ್ಸಾಧ್ಯ. ತೆಂಗಿನ ನಾರಿನ ಪುಡಿ ಬೆರೆತ ಬೆಚ್ಚನೆಯ ಹಸಿಮಣ್ಣು, ಅಡಗಲು ಒಂದು ಮರೆ, ಗಲ್ಲ ಮುಳುಗದಷ್ಟು ಉಗುರುಬೆಚ್ಚನೆಯ ನೀರು ಇಷ್ಟಿದ್ದರೆ ಸಾಕು.

ಆಹಾರವಾಗಿ ಗರಿಕೆ, ದಾಸವಾಳದ ಎಲೆ, ನುಗ್ಗೆಸೊಪ್ಪು, ಪಾಪಾಸುಕಳ್ಳಿಯ ತಿರುಳು ಹಿತ. ನಾರು ಹೆಚ್ಚಿದ್ದು ಪಿಷ್ಟ ಕಡಿಮೆಯಿರಬೇಕು. ಅನ್ನ, ರೊಟ್ಟಿ, ಹಾಲುಗಳನ್ನು ಪ್ರೀತಿಯಿಂದ ಕೊಟ್ಟರೂ ಅವು ಕೇಡೇ.

ಆಮೆಯನ್ನು ಕಾಪಾಡುವ ಮಾತು ಇಂದಿನದಲ್ಲ. ಜವಳಗೇರಾಕ್ಕೆ ದೂರವಲ್ಲದ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ ಯಾವ ಅರಸನ ಹೆಸರು ದೊರೆಯಿತೋ, ಆ ಅಶೋಕನೇ ತನ್ನ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಜೀವಿಗಳ ಸಾಲಿಗೆ ಆಮೆಯನ್ನೂ ಸೇರಿಸಿದ್ದನು. ಇಂದಿನ ಕಾಯಿದೆಯೂ ಅದೇ ಹಾದಿಯದು. ಬದುವಿನ ಮೇಲೆ ಇಂಥ ಮರಿಯೊಂದು ಕಣ್ಣಿಗೆ ಬಿದ್ದರೆ ಅದನ್ನು ಮನೆಗೆ ತರದಿರುವುದೇ ಪರಮೋಪಕಾರ; ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ದೀಪ, ತೇವ, ಸೊಪ್ಪುಗಳನ್ನು ಅಳೆದಳೆದು ಕೊಟ್ಟು ನುರಿತವರು ಸಹ ಕಷ್ಟಪಟ್ಟು ಸಾಧಿಸುವುದನ್ನು, ಉಳಿದಿರುವ ಕುರುಚಲು ಭೂಮಿ ಯಾರ ಹಂಗೂ ಇಲ್ಲದೆ ನಡೆಸುತ್ತಿದೆ. ಆ ಭೂಮಿಯನ್ನು ಬಂಜರೆಂದು ತಳ್ಳಿಹಾಕದೆ ಉಳಿಸಿಕೊಳ್ಳುವುದೇ ಮರಿಗಳ ಪಾಲನೆಯಲ್ಲಿ ನಮ್ಮೆಲ್ಲರ ಪಾಲಿನ ಕೆಲಸ.